ಮೆಕ್ಸಿಕೋದ ಚಿನ್ನದ ನಾಣ್ಯ ತಗೊಳ್ಳೋದಾದ್ರೆ ಯಾವ್ದು? ಸೆಂಟೆನಾರಿಯೋ, ಚಿಲ್ಲರೆ ಪೆಸೋ, ಲಿಬರ್ತಾದ್, ಹಳೇ ಎಸ್ಕುದೋ

ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಇರೋ ನಮ್ಮೋರು ಕಾಯಿನ್ ಶಾಪಿಗೆ ಹೋದ್ರೆ ಕಣ್ಣಿಗೆ ಬೀಳೋದ್ರಲ್ಲಿ ಮೆಕ್ಸಿಕೋದ ಚಿನ್ನ ಜಾಸ್ತಿನೇ ಇರುತ್ತೆ. ಅಲ್ಲಿಂದ ಫೋಟೋ ಕಳ್ಸಿ ಕೇಳೋ ಪ್ರಶ್ನೆನೂ ಹೆಚ್ಚುಕಮ್ಮಿ ಒಂದೇ: 1947 ಅಂತ ಇರೋ ದೊಡ್ಡ ನಾಣ್ಯ ಚಿನ್ನದ ರೇಟಿಗೇ ಸಿಕ್ತಿದೆ, 1921 ಅಂತ ಇರೋದಕ್ಕೆ ಜಾಸ್ತಿ ಕೇಳ್ತಿದಾನೆ, ಲಿಬರ್ತಾದ್ ಅನ್ನೋ ಹೊಸ ಕಾಲದ ನಾಣ್ಯಕ್ಕೆ ಇನ್ನೂ ಜಾಸ್ತಿ, ಪಕ್ಕದಲ್ಲಿ ಹಳೇದೊಂದಿದೆ, ಮಸುಕಾಗಿದೆ ಆದ್ರೆ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ, ಇದ್ರಲ್ಲಿ ಯಾವ್ದು ತಗೊಳ್ಲಿ?

ಉತ್ತರ ಹೇಳೋಕೆ ಮುಂಚೆ ಅಳತೆಗೋಲು ಏನು ಅಂತ ಇಟ್ಕೊಳ್ಳೋಣ, ಇಲ್ಲಾಂದ್ರೆ ಅಂಗಡಿಯವನು ಹೇಳಿದ್ದೇ ವೇದ.

ಮೊದಲ್ನೇದು, ಅಪ್ಪಟ ಚಿನ್ನ ಒಂದು ಗ್ರಾಂಗೆ ಎಷ್ಟು ಬಿತ್ತು ಅನ್ನೋದು. ನಾಣ್ಯದ ಒಟ್ಟು ತೂಕ ಅಲ್ಲ, ಒಳಗಿರೋ ಚಿನ್ನದ ತೂಕ. ಅದರ ಮೇಲೆ ಕೊಡೋದೆಲ್ಲ ಪ್ರೀಮಿಯಂ, ನಮ್ಮ ಒಡವೆ ಅಂಗಡಿಯ ಮೇಕಿಂಗ್ ಚಾರ್ಜು ವೇಸ್ಟೇಜು ಇದ್ದಂಗೆ, ಕೊಡುವಾಗ ಕೊಡ್ತೀರ, ವಾಪಸ್ ಮಾರುವಾಗ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಎರಡ್ನೇದು, ಆ ಪ್ರೀಮಿಯಂ ಯಾತಕ್ಕೆ ಕೊಡ್ತಿದೀರಿ, ಇಸವಿಗಾ, ಮಿಂಟ್ ಮಾರ್ಕಿಗಾ (ಯಾವ ಟಂಕಸಾಲೇದು ಅಂತ ಹೇಳೋ ಗುರುತು), ಹೊಳಪಿಗಾ, ಅದನ್ನ ನಾಳೆ ಇನ್ನೊಬ್ಬ ಒಪ್ಪಿ ದುಡ್ಡು ಕೊಡ್ತಾನಾ. ಮೂರ್ನೇದು, ಕಷ್ಟ ಬಂದಾಗ ಸ್ವಲ್ಪ ಸ್ವಲ್ಪ ಮಾರೋ ಹಾಗಿರ್ಬೇಕಾ ಇಲ್ಲ ಒಂದೇ ಗಟ್ಟಿ ಸಾಕಾ. ನಾಲ್ಕನೇದು, ಅಸಲಿ ಅಂತ ನೀವೇ ಎಷ್ಟರಮಟ್ಟಿಗೆ ಚೆಕ್ ಮಾಡ್ಕೋಬಹುದು. ಇವಿಷ್ಟೇ, ಇದರಾಚೆಗೆ "ನೋಡೋಕೆ ಚೆನ್ನಾಗಿದೆ" ಅನ್ನೋದೂ ಒಂದು ಕಾರಣನೇ, ಅದಕ್ಕೆ ನಾನು ಅಡ್ಡ ಬರಲ್ಲ.

ಲೆಕ್ಕ ಹಾಕೋಕೆ ಮೆಕ್ಸಿಕೋದೋರು ಒಂದು ಭಾರಿ ಅನುಕೂಲ ಮಾಡಿಟ್ಟಿದಾರೆ. 1905 ರಲ್ಲಿ ಅವ್ರ ದುಡ್ಡಿನ ವ್ಯವಸ್ಥೆ ಸುಧಾರಣೆ ಆದಾಗ ಒಂದು ಪೆಸೋ ಅಂದ್ರೆ 0.75 ಗ್ರಾಂ ಅಪ್ಪಟ ಚಿನ್ನ ಅಂತ ನಿಗದಿ ಮಾಡಿದ್ರು, ಹಾಗಾಗಿ ಆಮೇಲಿನ ನಾಣ್ಯದ ಮುಖಬೆಲೆನ ಮುಕ್ಕಾಲರಿಂದ ಗುಣಿಸಿದ್ರೆ ಚಿನ್ನ ಎಷ್ಟು ಗ್ರಾಂ ಅಂತ ಬಂದುಬಿಡುತ್ತೆ. 50 ಪೆಸೋ ಅಂದ್ರೆ 37.5 ಗ್ರಾಂ, 20 ಪೆಸೋ 15 ಗ್ರಾಂ, 10 ಪೆಸೋ 7.5, 5 ಪೆಸೋ 3.75, ಎರಡೂವರೆ ಪೆಸೋ 1.875, ಕೊನೆಗೆ 2 ಪೆಸೋ ಒಂದೂವರೆ ಗ್ರಾಂ. ಎಲ್ಲಾನೂ 900 ಪ್ಯೂರಿಟಿ, ನಮ್ಮ ಭಾಷೇಲಿ 21.6 ಕ್ಯಾರೆಟ್, ಉಳಿದಿದ್ದು ತಾಮ್ರ, ಅದಕ್ಕೇ 916 ನೋಡಿ ಅಭ್ಯಾಸ ಇರೋ ಕಣ್ಣಿಗೆ ಸ್ವಲ್ಪ ಕೆಂಪಗೆ ಕಾಣುತ್ತೆ, ಅದು ದೋಷ ಅಲ್ಲ.

ಸೆಂಟೆನಾರಿಯೋ, ಅಂದ್ರೆ 50 ಪೆಸೋ

ಮೆಕ್ಸಿಕೋ ಸ್ವಾತಂತ್ರ್ಯಕ್ಕೆ ನೂರು ವರ್ಷ ಆಯ್ತು ಅಂತ 1921 ರಲ್ಲಿ ಶುರು ಮಾಡಿದ ನಾಣ್ಯ ಇದು. 41.67 ಗ್ರಾಂ ತೂಕ, 37 ಮಿಲಿಮೀಟರ್ ಅಗಲ. ಒಂದು ಕಡೆ ಹಾವು ಹಿಡಿದ ಗರುಡ, ಇನ್ನೊಂದು ಕಡೆ ರೆಕ್ಕೆ ಇರೋ ವಿಜಯದೇವತೆ, ಒಂದು ಕೈಯಲ್ಲಿ ಹೂವಿನ ಬದ್ಲು ಎಲೆಯ ಹಾರ, ಇನ್ನೊಂದರಲ್ಲಿ ಕಡಿದ ಸರಪಳಿ, ಹಿಂದೆ ಪೊಪೊಕಟೆಪೆಟಲ್, ಇಸ್ತಾಸಿವಾತಲ್ ಅನ್ನೋ ಎರಡು ಜ್ವಾಲಾಮುಖಿ ಬೆಟ್ಟ. ಕೆಳಗೆ ಎಡಕ್ಕೆ 1821, ಬಲಕ್ಕೆ ಆ ನಾಣ್ಯದ ಇಸವಿ.

ಆ ಬಲಗಡೆ ಇಸವಿನೇ ಎಲ್ಲಾ ಗೊಂದಲಕ್ಕೂ ಮೂಲ.

1921 ರಿಂದ 1931 ರವರೆಗೆ ಒಂದು ಕಂತು, ಆಮೇಲೆ 1943 ರಿಂದ 1947 ರವರೆಗೆ ಇನ್ನೊಂದು ಕಂತು ಟಂಕಿಸಿದ್ರು. ಅದಾದ್ಮೇಲೂ ಜನಕ್ಕೆ ಚಿನ್ನ ಬೇಕಿತ್ತು, ಆದ್ರೆ ಇಸವಿ ಬದಲಾಯಿಸೋಕೆ ಹೋಗ್ಲಿಲ್ಲ, 1949 ರಿಂದ 1972 ರವರೆಗೆ ಹೊಡೆದಿದ್ದಕ್ಕೆಲ್ಲ 1947 ಅಂತಲೇ ಹಾಕಿದ್ರು ಅಂತ ಕ್ಯಾಟಲಾಗ್‌ಗಳು ಹೇಳ್ತವೆ, 1996 ರಲ್ಲಿ ಮತ್ತೆ ಶುರು ಮಾಡಿದಾಗಲೂ ಅದೇ ಇಸವಿ. ಇದನ್ನೇ ರೀಸ್ಟ್ರೈಕ್ ಅನ್ನೋದು. ಇದು ಡುಪ್ಲಿಕೇಟ್ ಅಲ್ಲ ಮಾರಾಯ್ರೆ, ಅದೇ ಸರ್ಕಾರದ ಅದೇ ಟಂಕಸಾಲೆ, ಅದೇ ತೂಕ, ಅದೇ ಚಿನ್ನ, ಇಸವಿ ಮಾತ್ರ ನಿಂತುಬಿಟ್ಟಿದೆ. ನಿಜವಾಗ್ಲೂ 1947 ರಲ್ಲಿ ಹೊಡೆದಿದ್ದು ಮೂರು ಲಕ್ಷದ ಚಿಲ್ಲರೆ, 1972 ರವರೆಗಿನ ರೀಸ್ಟ್ರೈಕ್ ಹತ್ರ ಹತ್ರ ನಲವತ್ತು ಲಕ್ಷ. ಎರಡನ್ನೂ ಬೇರೆ ಮಾಡೋಕೆ ನಾಣ್ಯದ ಮೇಲೆ ಯಾವ ಗುರುತೂ ಇಲ್ಲ. ಹಾಗಾಗಿ ಯಾರಾದ್ರೂ "ಇದು ಒರಿಜಿನಲ್ 1947, ರೀಸ್ಟ್ರೈಕ್ ಅಲ್ಲ" ಅಂತ ಹತ್ತು ಡಾಲರ್ ಜಾಸ್ತಿ ಕೇಳಿದ್ರೂ ನಗ್ತಾ ಮುಂದಕ್ಕೆ ಹೋಗಿ.

ಮಿಂಟ್ ಮಾರ್ಕ್ ನೋಡಿ ಕಂಡುಹಿಡೀಬಹುದಾ ಅಂತ ಕೇಳ್ತಾರೆ. ಆಗಲ್ಲ. ಊರೂರಲ್ಲಿದ್ದ ಟಂಕಸಾಲೆಗಳೆಲ್ಲ 1905 ರ ಹೊತ್ತಿಗೆ ಮುಚ್ಚಿಹೋಗಿದ್ವು, ಇಪ್ಪತ್ತನೇ ಶತಮಾನದ ಈ ಚಿನ್ನದ ಪೆಸೋ ಬಹುಪಾಲು ಮೆಕ್ಸಿಕೋ ಟಂಕಸಾಲೆ ಒಂದರದ್ದೇ ಬಾಬತ್ತು, ಒಂದೇ ಮನೆಯಿಂದ ಬಂದಿರೋದಕ್ಕೆ ಮಾರ್ಕ್ ಇದ್ರೂ ಇಲ್ದಿದ್ರೂ ಅದು ಬೆಲೆ ಏರಿಸಲ್ಲ ಇಳಿಸಲ್ಲ.

ಅಳತೆಗೋಲಿಗೆ ಹಚ್ಚಿದ್ರೆ: ಗ್ರಾಂ ಲೆಕ್ಕದಲ್ಲಿ 1947 ರ ಸೆಂಟೆನಾರಿಯೋನ ಸೋಲಿಸೋದು ಕಷ್ಟ, ದೊಡ್ಡ ನಾಣ್ಯ, ಹೇರಳವಾಗಿದೆ, ಪ್ರೀಮಿಯಂ ಕಮ್ಮಿ. ಗೀರು ಬಿದ್ದಿದ್ರೂ ತಲೆ ಕೆಡಿಸ್ಕೋಬೇಡಿ. ತೊಂದ್ರೆ ಏನಪ್ಪ ಅಂದ್ರೆ ಒಂದೇ ಏಟಿಗೆ 37.5 ಗ್ರಾಂ ಚಿನ್ನದ ದುಡ್ಡು ಹೊಂದಿಸ್ಬೇಕು, ಮಾರುವಾಗ್ಲೂ ಪೂರ್ತಿ ಮಾರ್ಬೇಕು. ಇನ್ನೊಂದು, ಅಮೆರಿಕದಲ್ಲಿ ಗೋಲ್ಡ್ ಐಆರ್‌ಎ (ನಿವೃತ್ತಿಗೆ ಅಂತ ಚಿನ್ನ ಕೂಡಿಡೋ ಖಾತೆ) ಮಾಡೋ ಯೋಚನೆ ಇದ್ರೆ ಇದು ನಡಿಯಲ್ಲ, ಅದಕ್ಕೆ ಶೇ. 99.5 ಪ್ಯೂರಿಟಿ ಬೇಕು, ಅಮೆರಿಕನ್ ಈಗಲ್ ಅನ್ನೋ ಅಲ್ಲಿನ ಸರ್ಕಾರದ ನಾಣ್ಯಕ್ಕೆ ಮಾತ್ರ ಕಾನೂನಲ್ಲೇ ವಿನಾಯಿತಿ.

1921 ರದ್ದು ಬೇರೆ ಕಥೆ. ಮೊದಲ ವರ್ಷ, 1.8 ಲಕ್ಷ ನಾಣ್ಯ, ರೀಸ್ಟ್ರೈಕ್‌ಗೆ ಈ ಇಸವಿ ಬಳಸಿಲ್ಲ, ಹಾಗಾಗಿ ಇಲ್ಲಿ ಇಸವಿ ನಿಜ ಹೇಳುತ್ತೆ. 1931 ರದ್ದೂ ಕಮ್ಮಿ. 1943 ರದ್ದು ವಿಚಿತ್ರ, ಅದ್ರಲ್ಲಿ 50 ಪೆಸೋ ಅನ್ನೋ ಮುಖಬೆಲೆನೇ ಇಲ್ಲ, ಬರೀ 37.5 ಗ್ರಾಂ ಅಪ್ಪಟ ಚಿನ್ನ ಅಂತ ಇದೆ, 89,000 ಹೊಡೆದಿದ್ರು. ನನ್ನ ಕೇಳಿದ್ರೆ 1943 ಕ್ಕೆ ಸ್ವಲ್ಪ ಜಾಸ್ತಿ ಕೊಡೋದ್ರಲ್ಲಿ ಅರ್ಥ ಇದೆ, ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗುತ್ತೆ, ವಾದ ಮಾಡೋ ಹಾಗಿಲ್ಲ. ಆದ್ರೆ 1921 ಕ್ಕೆ ಹೆಚ್ಚಿಗೆ ಕೊಡೋದಾದ್ರೆ ನಾಣ್ಯದ ಕಂಡೀಷನ್ ಚೆನ್ನಾಗಿರ್ಬೇಕು. ಪೆಂಡೆಂಟ್‌ನಲ್ಲಿ ಕೂರಿಸಿ ತೆಗೆದಿದ್ದು ಬೇಕಾದಷ್ಟಿವೆ, ಅಂಚನ್ನ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ, "ಇಂಡಿಪೆಂಡೆನ್ಸಿಯಾ ಇ ಲಿಬರ್ತಾದ್" ಅಂತ ಸುತ್ತಲೂ ಅಕ್ಷರ ಇರುತ್ತೆ, ಎಲ್ಲಾದ್ರೂ ಅಕ್ಷರ ಸವೆದು ನುಣ್ಣಗಾಗಿದ್ರೆ ಅಥವಾ ಬೆಸುಗೆಯ ಸಣ್ಣ ಗುಬ್ಬಿ ಕೈಗೆ ತಾಗಿದ್ರೆ ಅದು 1921 ಆಗಿದ್ರೂ ಚಿನ್ನದ ರೇಟೇ.

ಚಿಲ್ಲರೆ ಪೆಸೋಗಳು

ಇವುಗಳಲ್ಲೂ ನಿಂತುಹೋದ ಇಸವಿ ಇದೆ: 2 ಪೆಸೋ ಮತ್ತೆ ಎರಡೂವರೆ ಪೆಸೋಗೆ 1945, 5 ಪೆಸೋಗೆ 1955, 10 ಮತ್ತು 20 ಪೆಸೋಗೆ 1959. ಈ ಇಸವಿ ಕಂಡ್ರೆ ಚಿನ್ನದ ರೇಟು, ಕಥೆ ಕೇಳೋ ಅಗತ್ಯ ಇಲ್ಲ. 1996 ರ ರೀಸ್ಟ್ರೈಕಲ್ಲಿ ಮ್ಯಾಟ್ ಫಿನಿಶ್ ಇರೋದೂ ಬರುತ್ತೆ, ಹೊಳಪಿಲ್ಲ ಅಂತ ಹೆದರ್ಬೇಡಿ.

20 ಪೆಸೋದಲ್ಲಿ ಅಜ್ಟೆಕ್‌ರ ಸೂರ್ಯಶಿಲೆ ಇದೆ, ಆ ಸಣ್ಣ ಜಾಗದಲ್ಲಿ ಅಷ್ಟು ಕೆತ್ತನೆ ಹೆಂಗೆ ಕೂರಿಸಿದ್ರೋ, ನನಗಂತೂ ಇಡೀ ಸರಣಿಲಿ ಚಂದ ಅನ್ಸೋದು ಇದೇ. 27.5 ಮಿಲಿಮೀಟರ್, 16.67 ಗ್ರಾಂ, ಒಳಗೆ 15 ಗ್ರಾಂ ಚಿನ್ನ. ಸೆಂಟೆನಾರಿಯೋಗೆ ದುಡ್ಡು ಸಾಲಲ್ಲ ಆದ್ರೆ ಪ್ರೀಮಿಯಂ ಜಾಸ್ತಿ ಕೊಡೋಕೆ ಮನಸ್ಸಿಲ್ಲ ಅನ್ನೋರಿಗೆ ಇದು ಒಳ್ಳೇ ನಡುದಾರಿ. 1917 ರಿಂದ 1921 ರವರೆಗಿನ ಇಸವಿ ಇರೋದು ಅದೇ ರೇಟಿಗೆ ಸಿಕ್ರೆ ಅದನ್ನೇ ಎತ್ಕೊಳ್ಳಿ, ಕಳ್ಕೊಳ್ಳೋದೇನಿಲ್ಲ.

10 ಪೆಸೋಗೆ ಹಿದಾಲ್ಗೋ ಅಂತ ಹೆಸರು, ಸ್ವಾತಂತ್ರ್ಯ ಹೋರಾಟ ಶುರು ಮಾಡಿದ ಪಾದ್ರಿ ಮಿಗೆಲ್ ಹಿದಾಲ್ಗೋನ ತಲೆ ಇದೆ. ಪವನ್ ಲೆಕ್ಕದಲ್ಲಿ ಯೋಚ್ನೆ ಮಾಡೋ ಕರಾವಳಿಯೋರಿಗೆ ಇದು ತಕ್ಷಣ ಹಿಡಿಸುತ್ತೆ, 8.33 ಗ್ರಾಂ ತೂಕ, ಬ್ರಿಟಿಷ್ ಸವರನ್‌ಗಿಂತ ಒಂಚೂರು ಜಾಸ್ತಿ ಚಿನ್ನ (ಅದ್ರಲ್ಲಿ 7.32 ಗ್ರಾಂ, ಇದ್ರಲ್ಲಿ 7.5). ಸವರನ್‌ಗೆ ಹೆಸರಿರೋದ್ರಿಂದ ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಸುಲಭವಾಗಿ ಮಾರಾಟ ಆಗುತ್ತೆ, ಹಿದಾಲ್ಗೋ ಅಮೆರಿಕ ಮೆಕ್ಸಿಕೋದಲ್ಲಿ ಸಲೀಸು, ಬೇರೆ ಕಡೆ ಸ್ವಲ್ಪ ವಿವರಿಸ್ಬೇಕಾಗುತ್ತೆ. ಹಳೇ ಇಸವಿಗಳಲ್ಲಿ 1920 ಅಪರೂಪ, ಉಳಿದವು ಸಾಮಾನ್ಯ.

2 ಪೆಸೋ ಬಗ್ಗೆ ಎಚ್ಚರಿಕೆ ಹೇಳ್ಬೇಕು. 13 ಮಿಲಿಮೀಟರ್, ಶರ್ಟಿನ ಗುಂಡಿಯಷ್ಟು. ಲೆಕ್ಕಕ್ಕೆ ಅಂತ ಒಂದು ಗ್ರಾಂ ಅಪ್ಪಟ ಚಿನ್ನ 100 ಡಾಲರ್ ಅಂದ್ಕೊಳ್ಳಿ, ಸೆಂಟೆನಾರಿಯೋದ ಚಿನ್ನ 3,750 ಡಾಲರ್, ಅಂಗಡಿಯವನು 100 ಜಾಸ್ತಿ ಇಟ್ರೂ ಪ್ರೀಮಿಯಂ ಶೇ. 3 ದಾಟಲ್ಲ. 2 ಪೆಸೋದ ಚಿನ್ನ 150 ಡಾಲರ್, ಅವನು ಬರೀ 20 ಜಾಸ್ತಿ ಕೇಳಿದ್ರೂ ಶೇ. 13 ಆಯ್ತು. "ಇಪ್ಪತ್ತೇ ಡಾಲರ್ ತಾನೇ" ಅಂತ ಇಪ್ಪತ್ತೈದು ನಾಣ್ಯ ತಗೊಂಡ್ರೆ ಒಂದು ಸೆಂಟೆನಾರಿಯೋದಷ್ಟೇ ಚಿನ್ನ ಕೈಗೆ ಬರುತ್ತೆ, ಕೊಟ್ಟಿರೋದು ಮಾತ್ರ 400 ಡಾಲರ್ ಜಾಸ್ತಿ. ಹಾಗಂತ ಬೇಡವೇ ಬೇಡ ಅಂತಲ್ಲ, ಮಕ್ಕಳ ಹುಟ್ಟುಹಬ್ಬಕ್ಕೆ, ಮದುವೆ ಮುಯ್ಯಿಗೆ ಕೊಡೋಕೆ ಚೆನ್ನಾಗಿರುತ್ತೆ. ಕಾಸಿನ ಸರ ಮಾಡಿಸೋಕೆ ಅಂತ ಕೇಳೋರೂ ಇದಾರೆ, ಮಾಡಿಸಿ, ಆದ್ರೆ ತೂತು ಹೊಡೆದ ಮೇಲೆ ಅದು ನಾಣ್ಯ ಅಲ್ಲ, ಆ ಶೇ. 13 ಅಲ್ಲಿಗೆ ಗೋವಿಂದ.

ಇದೇ ಸೈಜಲ್ಲಿ ಮ್ಯಾಕ್ಸಿಮಿಲಿಯನ್ ಚಕ್ರವರ್ತಿ ಗಡ್ಡದ ತಲೆ, 1865 ಅಂತ ಇಸವಿ ಇರೋ ಪುಟ್ಟ ಪುಟ್ಟ ಬಿಲ್ಲೆ ಸಿಗ್ತವೆ. ಅವು ನಾಣ್ಯನೇ ಅಲ್ಲ. ಮ್ಯಾಕ್ಸಿಮಿಲಿಯನ್ ಕಾಲದ ಚಿನ್ನದ ನಾಣ್ಯ ಅಂದ್ರೆ 1866 ರ 20 ಪೆಸೋ ಒಂದೇ, ಅದು ದೊಡ್ಡದು ದುಬಾರಿ. ಈ ಬಿಲ್ಲೆಗಳು ಟೂರಿಸ್ಟ್‌ಗಳಿಗೆ ಅಂತ ಮಾಡಿದ ಟೋಕನ್, ಚಿನ್ನ ಎಷ್ಟಿದೆ ಅನ್ನೋದೂ ಒಂದೊಂದರಲ್ಲಿ ಒಂದೊಂದು ಥರ.

ಲಿಬರ್ತಾದ್

1981 ರಿಂದ ಬಂದಿದ್ದು, ಇದಕ್ಕೆ ಮುಖಬೆಲೆ ಇಲ್ಲ, ಒಂದು ಔನ್ಸ್ (31.1 ಗ್ರಾಂ) ಅಪ್ಪಟ ಚಿನ್ನ ಅಂತ ಬರೆದಿರುತ್ತೆ ಅಷ್ಟೇ. ಮೊದಮೊದಲು 900 ಪ್ಯೂರಿಟಿ, 1991 ರಿಂದ 999. ಚಿಕ್ಕ ಸೈಜುಗಳೂ ಇವೆ, ಒಂದು ಔನ್ಸಿನ ಇಪ್ಪತ್ತರಲ್ಲಿ ಒಂದು ಭಾಗದವರೆಗೆ. ಇಸವಿ ಪ್ರತಿ ಸಲ ನಿಜವಾದ್ದು, ಎಮ್ ಮೇಲೆ ಪುಟ್ಟ ಓ ಇರೋ ಮಿಂಟ್ ಮಾರ್ಕ್ ಕೂಡ ಇದೆ, 1535 ರಲ್ಲಿ ಶುರುವಾದ ಮೆಕ್ಸಿಕೋ ಟಂಕಸಾಲೆದು. ಅಮೆರಿಕಾ ಖಂಡದಲ್ಲೇ ಹಳೇ ಟಂಕಸಾಲೆ ಅದು, ಈಗ ನಾಣ್ಯ ಹೊಡೆಯೋದು ಸಾನ್ ಲೂಯಿಸ್ ಪೊತೊಸಿಯ ಕಾರ್ಖಾನೇಲಿ, ಆದ್ರೂ ಮಾರ್ಕ್ ಮಾತ್ರ ಅದೇ.

ಚಿನ್ನದ ಲಿಬರ್ತಾದ್‌ಗಳನ್ನ ವರ್ಷಕ್ಕೆ ಕೆಲವೇ ಸಾವಿರ ಹೊಡೆಯೋದು ಮಾಮೂಲು, ಅಮೆರಿಕದ ಈಗಲ್, ಕೆನಡಾದ ಮೇಪಲ್ ಲೀಫ್ ನಾಣ್ಯಕ್ಕೆ ಹೋಲಿಸಿದ್ರೆ ಏನೂ ಅಲ್ಲ, ಹಾಗಾಗಿ ಪ್ರೀಮಿಯಂ ಜಾಸ್ತಿ. ಮಾರುವಾಗ ಆ ಪ್ರೀಮಿಯಂ ವಾಪಸ್ ಬರುತ್ತಾ ಅಂದ್ರೆ, ಸಂಗ್ರಹ ಮಾಡೋನಿಗೆ ಮಾರಿದ್ರೆ ಬರುತ್ತೆ, ಮೂಲೆ ಅಂಗಡಿಗೆ ಮಾರಿದ್ರೆ ಅವನು ಬೇರೆ ಯಾವುದೇ ಒಂದು ಔನ್ಸ್ ನಾಣ್ಯದ ರೇಟು ಹೇಳ್ತಾನೆ. ಇಲ್ಲಿ ಕಂಡೀಷನ್ ಮುಖ್ಯ, 999 ಚಿನ್ನ ಮೆತ್ತಗಿರುತ್ತೆ, ಕೈಯಿಂದ ಕೈಗೆ ಹೋದ್ರೆ ಗೀರು ಗ್ಯಾರಂಟಿ, ಕ್ಯಾಪ್ಸೂಲಿಂದ ತೆಗೀದೇ ಇರೋದು ವಾಸಿ. ಐಆರ್‌ಎಗೆ 999 ಲಿಬರ್ತಾದ್ ಆಗುತ್ತೆ, ಹಳೇ 900 ದ್ದು ಆಗಲ್ಲ.

ಹಳೇ ಎಸ್ಕುದೋ, ಇಲ್ಲಿ ಮಾತ್ರ ಮಿಂಟ್ ಮಾರ್ಕಿಗೆ ಬೆಲೆ

ಸ್ವಾತಂತ್ರ್ಯ ಬಂದ್ಮೇಲೆ ಗಣರಾಜ್ಯದ ಕಾಲದ 8 ಎಸ್ಕುದೋ (ಚಿನ್ನದ ಪೆಸೋಗೆ ಮುಂಚೆ ಇದ್ದ ಚಿನ್ನದ ನಾಣ್ಯ) ನೋಡಿದೀರಾ? 27.07 ಗ್ರಾಂ ತೂಕ, 875 ಪ್ಯೂರಿಟಿ, ಅಂದ್ರೆ ಒಳಗೆ ಸುಮಾರು 23.7 ಗ್ರಾಂ ಚಿನ್ನ. ಒಂದು ಕಡೆ ತೆರೆದಿಟ್ಟ ಕಾನೂನು ಪುಸ್ತಕದ ಮೇಲೆ ಒಂದು ಕೈ, ಆ ಕೈಯಲ್ಲಿ ಕೋಲು, ಕೋಲಿನ ತುದೀಲಿ ಟೋಪಿ. ಸುತ್ತಲೂ ಇರೋ ಬರಹನ ಓದೋಕೆ ಕಲೀರಿ, ಕಾನೂನಲ್ಲೇ ಸ್ವಾತಂತ್ರ್ಯ ಅನ್ನೋ ಅರ್ಥದ ವಾಕ್ಯ ಮುಗಿದ ಮೇಲೆ ಮುಖಬೆಲೆ, ಆಮೇಲೆ ಟಂಕಸಾಲೆ ಗುರುತು, ಇಸವಿ, ಚಿನ್ನ ಪರೀಕ್ಷೆ ಮಾಡಿದ ಅಧಿಕಾರಿಯ ಹೆಸರಿನ ಅಕ್ಷರ, ಕೊನೆಗೆ 21 ಅಂತ ಕ್ಯಾರೆಟ್. ಹಾಲ್‌ಮಾರ್ಕ್ ಅಂದ್ರೇನು ಅಂತ ನಮಗೆ ಗೊತ್ತಾಗೋಕೆ ಎಷ್ಟೋ ಮುಂಚೆನೇ ಇವ್ರು ಯಾರು ಎಲ್ಲಿ ಯಾವಾಗ ಎಷ್ಟು ಕ್ಯಾರೆಟ್ ಅಂತ ನಾಣ್ಯದ ಮೇಲೇ ಕೊರೆದಿಟ್ಟಿದ್ರು.

ಗುರುತುಗಳು ಬಹುಪಾಲು ಊರಿನ ಮೊದಲ ಅಕ್ಷರ, ಕೊನೇ ಅಕ್ಷರ: ಜಿ ಓ ಅಂದ್ರೆ ಗ್ವಾನಾಹ್ವಾತೋ, ಜಡ್ ಎಸ್ ಸಕಾತೆಕಾಸ್, ಡಿ ಓ ದುರಾಂಗೋ, ಸಿ ಎ ಚಿವಾವಾ, ಜಿ ಎ ಗ್ವಾದಲಹಾರಾ, ಓ ಎ ಓಹಾಕಾ, ಎಚ್ ಓ ಎರ್ಮೊಸಿಯೋ. ಗಣಿ ಎಲ್ಲಿತ್ತೋ ಅಲ್ಲಲ್ಲೇ ಟಂಕಸಾಲೆ. ಗ್ವಾನಾಹ್ವಾತೋ, ಮೆಕ್ಸಿಕೋ ನಗರದ್ದು ಸಾಕಷ್ಟು ಸಿಗುತ್ತೆ. ಜಿ ಸಿ ಅಂತ ಗ್ವಾದಲೂಪೆ ಇ ಕಾಲ್ವೋ ಅನ್ನೋ ಬೆಟ್ಟದೂರಿನ ಟಂಕಸಾಲೆ 1844 ರಿಂದ 1852 ರವರೆಗೆ ಮಾತ್ರ ನಡೀತು, ಅದರದ್ದು ಕಂಡ್ರೆ ಸಂಗ್ರಹಗಾರರು ಬಿಡಲ್ಲ. ಚಿನ್ನ ಅಷ್ಟೇ, ತೂಕ ಅಷ್ಟೇ, ಬೆಲೆ ಮಾತ್ರ ಎರಡು ಅಕ್ಷರದಿಂದ ಎಲ್ಲಿಗೋ ಹೋಗುತ್ತೆ. ಅಲ್ಲೇ ಮೋಸಕ್ಕೂ ಜಾಗ, ಅಕ್ಷರ ತಿದ್ದಿರ್ಬಹುದು, ಪೂರ್ತಿ ನಾಣ್ಯನೇ ನಕಲಿ ಇರ್ಬಹುದು. ಭೂತಗನ್ನಡಿಲಿ ನೋಡಿದಾಗ ಗುರುತಿನ ಅಕ್ಷರದ ಸುತ್ತ ಮಾತ್ರ ಮೇಲ್ಮೈ ಉಜ್ಜಿದಂಗೆ, ಪಕ್ಕದ ಅಕ್ಷರಕ್ಕಿಂತ ಬೇರೆ ಬಣ್ಣ ಕಂಡ್ರೆ ಕೈ ಬಿಡಿ. ಪಿಸಿಜಿಎಸ್, ಎನ್‌ಜಿಸಿ ಅನ್ನೋ ನಾಣ್ಯ ಪರೀಕ್ಷಿಸೋ ಕಂಪನಿಗಳ ಸ್ಲ್ಯಾಬ್ (ಅಸಲಿ ಅಂತ ನೋಡಿ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ಇಲ್ಲದೆ ಈ ಸಾಲಿಗೆ ಕೈ ಹಾಕ್ಬೇಡಿ ಅಂತಲೇ ನನ್ನ ಮಾತು, ಹೊಸಬರಿಗಂತೂ.

ಈ ಸಾಲಿನ ಬಾಲದಲ್ಲಿ ಇನ್ನೊಂದು ಗುಂಡಿ ಇದೆ. 1870 ರಿಂದ 1905 ರವರೆಗೆ ತಕ್ಕಡಿ ಚಿತ್ರದ ಚಿನ್ನದ ಪೆಸೋ ಬಂದ್ವು, ಅವೂ 875. ಆ 20 ಪೆಸೋ 33.84 ಗ್ರಾಂ ತೂಗುತ್ತೆ, ಒಳಗೆ 29.6 ಗ್ರಾಂ ಚಿನ್ನ. ಸೂರ್ಯಶಿಲೆಯ 20 ಪೆಸೋದಲ್ಲಿ 15 ಗ್ರಾಂ. ಎರಡರ ಮೇಲೂ 20 ಪೆಸೋ ಅಂತಲೇ ಇದೆ, ಚಿನ್ನ ಮಾತ್ರ ಹೆಚ್ಚುಕಮ್ಮಿ ಅರ್ಧಕ್ಕರ್ಧ ವ್ಯತ್ಯಾಸ. ಹಾಗಾಗಿ ಮೇಲೆ ಹೇಳಿದ ಮುಕ್ಕಾಲಿನ ಲೆಕ್ಕ 1905 ರ ಸುಧಾರಣೆ ನಂತರದ್ದಕ್ಕೆ ಮಾತ್ರ, ಆನ್‌ಲೈನಲ್ಲಿ ತಗೊಳ್ಳೋರು ಮುಖಬೆಲೆ ಓದದೆ ತೂಕ ಕೇಳಿ.

ಅಸಲಿನಾ ಅಂತ ನೋಡೋದು

900 ಚಿನ್ನ ನೀರಿಗಿಂತ ಸುಮಾರು 17.2 ಪಟ್ಟು ಭಾರ. ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿ ಹಿಡ್ಕೊಳ್ಳಿ, ಸೆಂಟೆನಾರಿಯೋ ಆದ್ರೆ 2.4 ಗ್ರಾಂ ಆಸುಪಾಸು ತೋರಿಸ್ಬೇಕು. 3 ತೋರಿಸ್ತು ಅಂದ್ರೆ ಮಾತಾಡದೆ ವಾಪಸ್ ಕೊಡಿ. 2 ಪೆಸೋಗೆ ಈ ಆಟ ನಡಿಯಲ್ಲ, ಅಷ್ಟು ಸಣ್ಣ ವ್ಯತ್ಯಾಸನ ಅಡುಗೆಮನೆ ತಕ್ಕಡಿ ಹಿಡಿಯಲ್ಲ. ಅಂಗಡಿಯ ಎಕ್ಸ್‌ಆರ್‌ಎಫ್ ಮಶಿನ್ (ಎಕ್ಸ್-ರೇಲಿ ಲೋಹ ಯಾವ್ದು ಅಂತ ಹೇಳೋದು) ಮೇಲ್ಪದರ ಮಾತ್ರ ಓದುತ್ತೆ ಅನ್ನೋದೂ ನೆನಪಿರ್ಲಿ, ಅದರ ಜೊತೆ ತೂಕ, ಅಗಲ, ದಪ್ಪ ಮೂರೂ ಹೊಂದ್ಬೇಕು.

ಹಂಗಾದ್ರೆ ಯಾರಿಗೆ ಯಾವ್ದು

ಬರೀ ಉಳಿತಾಯಕ್ಕೆ, ಒಂದೇ ಸಲಕ್ಕೆ ದುಡ್ಡಿದೆ ಅಂದ್ರೆ 1947 ರ ಸೆಂಟೆನಾರಿಯೋ, ಯೋಚ್ನೆನೇ ಬೇಡ. ಆಸ್ಟ್ರಿಯಾದ 1915 ಇಸವಿಯ 100 ಕೊರೋನಾ ಅದಕ್ಕಿಂತ ಅಗ್ಗ ಸಿಕ್ರೆ ಅದೂ ಆಗ್ಬಹುದು, ಅದೂ ನಿಂತ ಇಸವಿಯ ರೀಸ್ಟ್ರೈಕೇ, 30.5 ಗ್ರಾಂ ಚಿನ್ನ. ತಿಂಗ್ಳು ತಿಂಗ್ಳು ಸ್ವಲ್ಪ ಸ್ವಲ್ಪ ಕೂಡಿಡೋರು 10 ಪೆಸೋ ಇಲ್ಲ 20 ಪೆಸೋ ತಗೊಳ್ಳಿ, ಅದಕ್ಕಿಂತ ಕೆಳಗೆ ಇಳೀಬೇಡಿ. ಐಆರ್‌ಎಗೆ 999 ಲಿಬರ್ತಾದ್. ನಾಣ್ಯದ ಹುಚ್ಚು ಹಿಡಿದಿದೆ, ಓದೋಕೆ ಟೈಮಿದೆ ಅನ್ನೋರು ಎಸ್ಕುದೋ ಕಡೆ ಬನ್ನಿ, ಮೊದಲು ಗ್ವಾನಾಹ್ವಾತೋದ್ದು ಸ್ಲ್ಯಾಬ್ ಆಗಿರೋದು ಒಂದು ತಗೊಂಡು ಕಣ್ಣು ಪಳಗಿಸ್ಕೊಳ್ಳಿ, ಆಮೇಲೆ ಅಪರೂಪದ ಗುರುತು ಹುಡುಕೋದು.

ಊರಿಗೆ ತಗೊಂಡ್ಹೋಗಿ ಅಮ್ಮನ ಕೈಗೆ ಕೊಡ್ಬೇಕು ಅಂತ ತಗೊಳ್ಳೋರಿಗೆ ನಾನು ಮೇಲಿನ ಯಾವುದನ್ನೂ ಹೇಳಲ್ಲ. ಕಸ್ಟಮ್ಸಲ್ಲಿ ಒಡವೆಗಿರೋ ಡ್ಯೂಟಿ ರಿಯಾಯಿತಿ ನಾಣ್ಯಕ್ಕೆ ಅನ್ವಯ ಆಗಲ್ಲ, ಡಿಕ್ಲೇರ್ ಮಾಡಿ ಡ್ಯೂಟಿ ಕಟ್ಬೇಕು, ಕಟ್ಟಿ ತಂದ್ಮೇಲೂ ಅವೆನ್ಯೂ ರೋಡಲ್ಲಿ ಮಾರೋಕೆ ಹೋದ್ರೆ ಅದು 1921 ಆಗ್ಲಿ ಜಿ ಸಿ ಮಾರ್ಕಾಗ್ಲಿ 21 ಕ್ಯಾರೆಟ್ ಹಳೇ ಚಿನ್ನ ಅಂತ ಕರಗಿಸೋ ರೇಟು ಕೊಡ್ತಾರೆ. ಅಲ್ಲಿಗೆ ಬೇಕಾದ್ರೆ ಅಲ್ಲೇ ಹಾಲ್‌ಮಾರ್ಕ್ ಇರೋದು ಕೊಡ್ಸಿ, ಸೆಂಟೆನಾರಿಯೋ ಅಮೆರಿಕದ ಲಾಕರಲ್ಲೇ ಇರ್ಲಿ.